ಕಸ್ತೂರೆವ್ವನ ವ್ಯಾನಿನ ನೆಲ

ನಾನು ಒಂದು ತಗಡು. ಡಬ್ಬಿಯ ತಗಡಲ್ಲ, ಅಂಗಡಿ ಚಾವಣಿಯ ತಗಡೂ ಅಲ್ಲ. ಶಾಲೆಯ ಮಕ್ಕಳು ಕೂತು ಹೋಗುವ ವ್ಯಾನಿಗೆ ನೆಲವಾಗಿ ಬಾಳಿದ ಉಕ್ಕಿನ ತಗಡು. ನೆಮ್ಮದಿಯಾಗಿ ಬಿದ್ದಿರುವುದು ನನ್ನ ಜಾತಕದಲ್ಲೇ ಇಲ್ಲ. ಹುಟ್ಟುವಾಗಲೇ ಓಡುತ್ತಿದ್ದೆ. ಕಾರ್ಖಾನೆಯ ಉರುಳೆಗಳ ನಡುವೆ ಒತ್ತಿಸಿಕೊಂಡು ತೆಳ್ಳಗಾಗಿ, ಉಸಿರು ತಿರುಗಿಸಿಕೊಳ್ಳುವ ಮೊದಲೇ ಕರಗಿದ ಸತುವಿನ ತೊಟ್ಟಿಯಲ್ಲಿ ಮುಳುಗಿ ಎದ್ದೆ. ಮೈತುಂಬ ಬೆಳ್ಳಗಿನ ಹೂವಿನ ಚಿತ್ತಾರ ಮೂಡಿತು. ಈ ಸತು ವಿಚಿತ್ರ ಜೀವ. ನೀರು, ಗಾಳಿ ನನ್ನನ್ನು ತಿನ್ನಲು ಬಂದರೆ ಮೊದಲು ತನ್ನನ್ನೇ ಒಡ್ಡಿಕೊಳ್ಳುತ್ತದೆ. ತನಗಾಗಿ ಇನ್ನೊಬ್ಬರು ಸವೆಯುತ್ತಿದ್ದಾರೆಂದು ಗೊತ್ತಿದ್ದವರಿಗೆ ನಿದ್ದೆ ಎಲ್ಲಿಂದ ಬರಬೇಕು?

ಹುಬ್ಬಳ್ಳಿಯ ಒಂದು ಗೋದಾಮಿನಲ್ಲಿ ಗೋಡೆಗೆ ಒರಗಿ ನಿಂತಿದ್ದಾಗ ಕಸ್ತೂರೆವ್ವ ಬಂದಳು. ಗಂಡ ತೀರಿದ ಮೇಲೆ ಅವನ ವ್ಯಾನಿನ ಸ್ಟೇರಿಂಗು ಹಿಡಿದು ಓಣಿಯ ಮಕ್ಕಳನ್ನು ಶಾಲೆಗೆ ಬಿಡುತ್ತಿದ್ದ ಗಟ್ಟಿಗಿತ್ತಿ. ಆದರೆ ಆ ದಿನ ಅವಳ ಮುಖದಲ್ಲಿ ಕಳೆಯಿರಲಿಲ್ಲ. ಹಿಂದಿನ ದಿನ ವ್ಯಾನು ಓಡುತ್ತಿದ್ದಾಗಲೇ ಪಾವನಿ ಎಂಬ ಪುಟ್ಟ ಹುಡುಗಿಯ ಕಾಲ ಕೆಳಗೆ ತುಕ್ಕು ತಿಂದ ನೆಲ ಕಳಚಿ, ಅವಳ ಬೂಟು ರಸ್ತೆಗೆ ಬಿದ್ದಿತ್ತು. ಬೂಟಿನ ಬದಲು ಕೂಸೇ ಬಿದ್ದಿದ್ದರೆ? ಆ ಯೋಚನೆ ಕಸ್ತೂರೆವ್ವನನ್ನು ಬಿಟ್ಟಿರಲಿಲ್ಲ.

ಮನೆಗೆ ತಂದವಳೇ ನನ್ನನ್ನು ಅಂಗಳದಲ್ಲಿ ಮಲಗಿಸಿ, ಗಾಡಿಯ ಅಡಿಗೆ ಬಳಿಯುವ ಡಾಂಬರಿನಂಥ ಕಪ್ಪು ಬಣ್ಣವನ್ನು ಎರಡೂ ಮಗ್ಗುಲಿಗೆ ಮೆತ್ತಿದಳು. ಒಂದು ಸಲ ಸಾಲದೆಂದು ಮತ್ತೊಂದು ಸಲ. ಅಂಚಿಗಂತೂ ಬೆರಳಿನಿಂದಲೇ ತೀಡಿದಳು. ಪ್ರೀತಿ ಅಂದರೆ ಅದೇ, ಇಲ್ಲವೆನ್ನಲಾರೆ. ಆದರೆ ನನಗೆ ಒಳಗೊಳಗೇ ಪುಕುಪುಕು ಶುರುವಾಯಿತು. ಇಷ್ಟು ಹೊದ್ದುಕೊಂಡವಳು ಇನ್ನೊಂದಕ್ಕೆ ಕೂಡಿಕೊಳ್ಳುವುದು ಹೇಗೆ?

ವೆಲ್ಡಿಂಗ್ ಶೆಡ್ಡಿನ ದಾದಾಪೀರ್ ನನ್ನನ್ನು ತಿರುಗಿಸಿ ನೋಡಿ ಹಣೆ ಗಂಟಿಕ್ಕಿದ.

"ಅಕ್ಕಾರ, ಬಣ್ಣ ಕಡೀಕ ಹಚ್ಚೂದ್ರೀ. ಅಂಚಿಂದು ಕೆರದು ಬರೇ ಕಬ್ಬಿಣ ಮಾಡ್ಕೋತೀನಿ. ಈ ಡಾಂಬರಿನ ಮ್ಯಾಲೆ ವೆಲ್ಡಿಂಗ್ ಕೂಡೂದಿಲ್ಲ."

"ಕೆರೀಬ್ಯಾಡ್ರಿ ಚಾಚಾ! ತುಕ್ಕು ಹತ್ತೂದ ಅಂಚಿನಿಂದ. ಒಂದು ಗೀರು ಸೈತ ಬೀಳಬಾರದು. ನಾಳೆ ಅಮಾಸಿ, ಗಾಡಿ ಪೂಜಿ ಆಗಬೇಕು. ಇವತ್ತ ಮುಗಿಸಿಕೊಡ್ರಿ."

ಅಮಾವಾಸ್ಯೆಯ ದಿನ ಗಾಡಿಗೆ ನಿಂಬೆಹಣ್ಣು ಕಟ್ಟಿ, ತೆಂಗಿನಕಾಯಿ ಒಡೆಯದೆ ಕಸ್ತೂರೆವ್ವ ಕೀಲಿ ತಿರುಗಿಸುವವಳಲ್ಲ. ಆ ದಿನ ಗಾಡಿಯ ಮೈಗೆ ಬೆಂಕಿ ಮುಟ್ಟಿಸುವುದಂತೂ ದೂರದ ಮಾತು. ದಾದಾಪೀರ್ ಸಂಜೆಯ ಬಿಸಿಲು ನೋಡಿದ, ಅವಳ ಮುಖ ನೋಡಿದ, ಬೆಸುಗೆಯ ಕಡ್ಡಿ ಕೈಗೆತ್ತಿಕೊಂಡ.

ಬೆಂಕಿ ಮುಟ್ಟಿದ್ದೇ ತಡ, ಬಣ್ಣ ಹೊತ್ತಿ ಕಪ್ಪು ಹೊಗೆ ಎದ್ದಿತು. ಉಕ್ಕು ಕರಗುವ ಮೊದಲೇ ಕುದಿಯುವ ಸತು ಅದರ ಜೊತೆ ಬಿಳಿ ಹೊಗೆಯಾಗಿ ಹಾರಿತು. ನಡುವೆ ಸಿಕ್ಕಿ ಬೆಸುಗೆ ಚಿಟಚಿಟ ಸಿಡಿಯಿತು. ಮೇಲಿನಿಂದ ನೋಡಿದರೆ ಹೊಲಿಗೆ ಹಾಕಿದಷ್ಟು ಚಂದ. ಒಳಗೆಲ್ಲ ಸೂಜಿತೂತು. ಅದು ನನಗೂ ಗೊತ್ತು, ದಾದಾಪೀರನಿಗೂ ಗೊತ್ತು. ಅವನಿಗೆ ಬಾಯಿತ್ತು, ಆಡಲಿಲ್ಲ. ನನಗೆ ಬಾಯೇ ಇರಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಗೋಳು. ನನ್ನ ಮೇಲೆ ಬಿಗಿದ ಸೀಟು, ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡ ಮಕ್ಕಳು, ಕೆಳಗೆ ಓಡುವ ರಸ್ತೆ. ಒಂದೊಂದು ಗುಂಡಿಗೂ ನನ್ನ ಅಂಚು ಕಿರ್ ಎನ್ನುತ್ತಿತ್ತು. ಮಕ್ಕಳು ಬಾಯಿಪಾಠ ಒಪ್ಪಿಸುತ್ತ ಕಾಲು ಕುಣಿಸಿದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಕಸ್ತೂರೆವ್ವನೋ, ಹೊಸ ನೆಲ ಹಾಕಿಸಿದ ಖುಷಿಯಲ್ಲಿ ಹಾಡು ಗುನುಗುತ್ತ ಗೇರು ಬದಲಿಸುತ್ತಿದ್ದಳು. ವ್ಯಾನು ಶೆಡ್ಡಿನ ಮುಂದೆ ಹಾದಾಗಲೆಲ್ಲ ದಾದಾಪೀರ್ ಕೈಯ ಕೆಲಸ ಬಿಟ್ಟು ಕಿವಿಗೊಡುತ್ತಿದ್ದುದನ್ನು ನಾನು ಕಂಡಿದ್ದೇನೆ.

ಒಂದು ಬೆಳಿಗ್ಗೆ ಅವನು ನಡುರಸ್ತೆಗೆ ಬಂದು ಕೈ ಅಡ್ಡ ಹಿಡಿದ.

"ಮಕ್ಕಳನ್ನ ಇಳಸ್ರಿ ಅಕ್ಕಾರ."

"ಏನಾಗೇದ ನಿಮಗ? ಮಂದಿ ಮುಂದ ನನ್ನ ಮಾನ ಕಳೀತೀರೇನು? ಸಾಲಿಗೆ ಹೊತ್ತಾಗತೈತಿ!"

"ನೀವು ಬೈರಿ, ಎಷ್ಟರ ಬೈರಿ. ನನ್ನ ಕಿವಿಯಾಗ ಆ ಸಪ್ಪಳ ಕುಂತಬಿಟ್ಟೈತಿ. ತಪ್ಪು ನಂದು. ಅವತ್ತ ಒಲ್ಲೆ ಅನಬೇಕಾಗಿತ್ತು ನಾ."

ಪರಿಚಯದ ಆಟೋಗಳಿಗೆ ಮಕ್ಕಳನ್ನು ಹತ್ತಿಸಿ ಕಳಿಸಿದ ಮೇಲೆ, ಅವನು ಬೆಸುಗೆಯ ಸಂದಿಗೆ ಉಳಿ ಇಟ್ಟು ಮೆಲ್ಲಗೆ ತಟ್ಟಿದ. ದೊಡ್ಡ ಪೆಟ್ಟೇನೂ ಬೇಕಾಗಲಿಲ್ಲ. ನನ್ನ ಒಂದು ಮಗ್ಗುಲು ಪೂರ್ತಿ ಬಾಯಿಬಿಟ್ಟಿತು. ಕಸ್ತೂರೆವ್ವ ಬಾಗಿ ನೋಡಿದಳು. ಅವಳು ಅಷ್ಟು ಜತನದಿಂದ ತೀಡಿದ್ದ ಬಣ್ಣ ಸುಟ್ಟು ಮಸಿಯಾಗಿ ಬೆಸುಗೆಯ ಹೊಟ್ಟೆಯೊಳಗೇ ಕೂತಿತ್ತು. ಅವಳು ಅಲ್ಲೇ ಕುಸಿದು ಕೂತು ಅತ್ತಳು.

ಆಮೇಲೆ ಎದ್ದಳು. ಸೆರಗು ಸಿಕ್ಕಿಸಿ, ತಂತಿಯ ಬ್ರಷ್ಷು ಕೈಗೆತ್ತಿಕೊಂಡು, ನನ್ನ ಅಂಚನ್ನು ತಾನೇ ಉಜ್ಜತೊಡಗಿದಳು. ಕಪ್ಪು ಬಣ್ಣ ಹೋಯಿತು. ಉಳಿದ ಸತುವನ್ನು ದಾದಾಪೀರ್ ಸಾಣೆ ಹಿಡಿದು ತೆಗೆದ. ಹುಟ್ಟಿದಾಗಿನಿಂದ ನನ್ನನ್ನು ಕಾದ ಆ ಸತು ಅಂಚಿನಿಂದ ಪುಡಿಯಾಗಿ ಉದುರಿದಾಗ ನಾನು ಹೆದರಿ ನಡುಗಿದೆ. ಅಷ್ಟು ಬೆತ್ತಲೆ ನಾನು ಎಂದೂ ಇದ್ದವಳಲ್ಲ. ದಾದಾಪೀರ್ ಮೂಗಿಗೆ ಒದ್ದೆ ಬಟ್ಟೆ ಕಟ್ಟಿ ಬೆಸೆದ. ಈ ಸಲ ಸಿಡಿತವಿಲ್ಲ, ಉಕ್ಕು ಉಕ್ಕಿನೊಳಗೆ ಇಳಿಯಿತು. ಆರಿದ ಮೇಲೆ ಅದರ ಮೇಲೆ ಸತುವಿನ ಬಣ್ಣ, ಅದರ ಮೇಲೆ ಕಪ್ಪು ಬಣ್ಣ. ಹಿಂದಿನ ಸಲ ಕುಡಿದ ಸತುವಿನ ಹೊಗೆಗೆ ಅವನಿಗೆ ಚಳಿಜ್ವರ ಬಂದಿತ್ತೆಂದು ಯಾರಿಂದಲೋ ತಿಳಿದು, ಕಸ್ತೂರೆವ್ವ ಬೆಲ್ಲ ಹಾಕಿದ ಬಿಸಿ ಹಾಲು ತಂದು, ಅವನು ಲೋಟ ಖಾಲಿ ಮಾಡುವತನಕ ಎದುರಿಗೇ ನಿಂತಿದ್ದಳು.

ವರ್ಷಗಳು ಓಡಿದವು. ಒಂದು ಮಧ್ಯಾಹ್ನ ಎಮ್ಮೆಯೊಂದು ರಸ್ತೆಗೆ ನುಗ್ಗಿ, ಅದನ್ನು ಉಳಿಸಲು ಹೋಗಿ ವ್ಯಾನು ಕಂದಕಕ್ಕೆ ಮಗುಚಿತು. ಗಾಲಿಗಳು ಆಕಾಶ ನೋಡಿದವು. ನೆಲವಾಗಿದ್ದ ನಾನು ಚಾವಣಿಯಾದೆ. ಸೀಟುಗಳು ನನ್ನಿಂದ ಜೋತುಬಿದ್ದವು, ಸೀಟಿಗೆ ಬೆಲ್ಟಿನಿಂದ ಕಟ್ಟಿದ್ದ ಮಕ್ಕಳೂ. ಅವರ ಭಾರವೆಲ್ಲ ನನ್ನ ಅಂಚಿನ ಮೇಲೆ. ದೇವರೇ, ಹಿಡಿ, ಹಿಡಿ ಎಂದು ನಾನು ನನಗೇ ಹೇಳಿಕೊಂಡೆ. ಹಣೆಯಿಂದ ನೆತ್ತರು ಸುರಿಯುತ್ತಿದ್ದ ಕಸ್ತೂರೆವ್ವ ತೆವಳಿ ಬಂದು ಒಂದೊಂದೇ ಬೆಲ್ಟು ಬಿಚ್ಚಿ ಒಂದೊಂದೇ ಕೂಸನ್ನು ಕಿಟಕಿಯಿಂದ ದಾಟಿಸಿದಳು. ಎಲ್ಲರೂ ಅಳುತ್ತಿದ್ದರು. ಎಲ್ಲರೂ ಅಳುತ್ತಿದ್ದಾರೆಂಬುದೇ ಅವಳಿಗೆ ದೊಡ್ಡ ಸಮಾಧಾನ.

ವ್ಯಾನು ಗುಜರಿಗೆ ಬಂತು. ಗುಜರಿಯವನು ನನ್ನನ್ನು ಬೇರೆ ಮಾಡಲು ಉಳಿ, ಸುತ್ತಿಗೆ ಹಿಡಿದು ಸುಸ್ತಾದ. ತನ್ನ ಸಾಮಾನು ಒಯ್ಯಲು ಬಂದಿದ್ದ ಕಸ್ತೂರೆವ್ವನನ್ನು ನೋಡಿ, "ಏನಕ್ಕಾ ಇದು, ಬಿಡವಲ್ದು!" ಎಂದ.

ಅವಳು ಬಗ್ಗಿ ನನ್ನ ಅಂಚಿನ ಉದ್ದಕ್ಕೂ ಅಂಗೈ ಸವರಿದಳು.

"ಬಿಡಸಬ್ಯಾಡಪಾ. ಆಜೂಬಾಜೂ ಕೊಯ್ದುಕೋ."

ಹಾಗೆಯೇ ಕೊಯ್ದ. ಈಗ ಮೂಲೆಯಲ್ಲಿ ಬಿದ್ದು, ಕುಲುಮೆಗೆ ಒಯ್ಯುವ ಲಾರಿಯ ಸದ್ದಿಗೆ ಕಿವಿ ನೆಟ್ಟಿದ್ದೇನೆ. ಚಡಪಡಿಕೆ ಇನ್ನೂ ಹೋಗಿಲ್ಲ, ಅದು ಹುಟ್ಟುಗುಣ. ಆದರೆ ಒಂಟಿಯಾಗಿ ಹೋಗುತ್ತಿಲ್ಲ. ನನ್ನ ಅಂಚಿನ ಸುತ್ತ ಹಳೆಯ ವ್ಯಾನಿನ ಒಂದು ಪಟ್ಟಿ ಹಾಗೆಯೇ ಉಳಿದಿದೆ. ಅದು ಎಲ್ಲಿ ಮುಗಿದು ನಾನು ಎಲ್ಲಿ ಶುರುವಾಗುತ್ತೇನೆಂದು ಕೇಳಿದರೆ, ಈಗ ನನಗೇ ಹೇಳಲು ಬರುವುದಿಲ್ಲ.