ಖಾಲಿ ತೋಟಾ ತಂದವರಿಗೆ ಮಾತ್ರ

ಸವಾರಿ ಮೇಷ್ಟ್ರು ಸಿಟ್ಟಿನ ವಿಷಯದಲ್ಲಿ ಬಹಳ ಬಡವರು. ಮೂವತ್ತು ವರ್ಷ ಮಕ್ಕಳಿಗೆ ಕುದುರೆ ಹತ್ತುವುದನ್ನು ಕಲಿಸಿದ ಮನುಷ್ಯನಲ್ಲಿ ಸಿಟ್ಟು ಉಳಿಯುವುದಿಲ್ಲ. ಉಳಿದಿದ್ದರೆ ಮಕ್ಕಳು ಉಳಿಯುತ್ತಿರಲಿಲ್ಲ. ಆದರೆ ಆ ದಿನ ಬೆಳಿಗ್ಗೆ ಹತ್ತೂವರೆಗೆ ಅವರು ಹಾರ್ಡ್‌ವೇರ್ ಅಂಗಡಿಗೆ ನುಗ್ಗಿದಾಗ ಅವರ ಕಿವಿ ಎಷ್ಟು ಕಾದಿತ್ತೆಂದರೆ, ಬಾಗಿಲ ಬಳಿ ನೇತುಹಾಕಿದ್ದ ಪ್ಲಾಸ್ಟಿಕ್ ಬಕೆಟ್ಟುಗಳು ಒಂದು ಕಡೆ ಸೊಟ್ಟಗಾದವು. ಬೇಕಾದರೆ ಹೋಗಿ ನೋಡಬಹುದು, ಇನ್ನೂ ಮಾರಾಟವಾಗಿಲ್ಲ.

ನಡೆದದ್ದು ಇಷ್ಟು. ಬೆಳಿಗ್ಗೆ ಏಳಕ್ಕೆ ಸಿಡುಕಿ ಎಂಬ ಹೆಸರಿನ ಅವರ ಹಳೆಯ ಹೆಣ್ಣುಕುದುರೆ ಚರಂಡಿಗೆ ಕಾಲು ಹಾಕಿ ಬಿದ್ದಿತ್ತು. ಮುಂಗಾಲಿನ ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ದನದ ಡಾಕ್ಟರು ಎರಡು ಊರಾಚೆ ಇದ್ದರು. ಫೋನಿನಲ್ಲೇ ಎಲ್ಲ ಕೇಳಿಕೊಂಡು, "ಇಂಜೆಕ್ಷನ್ ತಗೊಂಡು ನಾನು ಬರೋಷ್ಟರಲ್ಲಿ ಸಂಜೆ ಆಗತ್ತೆ ಮೇಷ್ಟ್ರೇ. ನಿಮ್ಮ ಹತ್ರ ಲೈಸೆನ್ಸ್ ಪಿಸ್ತೂಲ್ ಇದೆಯಲ್ಲ, ಕುದುರೇನ ಅಷ್ಟು ಹೊತ್ತು ನರಳೋಕೆ ಬಿಡಬೇಡಿ," ಅಂದಿದ್ದರು.

ಪಿಸ್ತೂಲು ಇತ್ತು. ಇಂಥದೊಂದು ದಿನಕ್ಕೆಂದೇ ಹದಿನಾಲ್ಕು ವರ್ಷದ ಹಿಂದೆ ಕೊಂಡದ್ದು, ಒಂದು ಸಲವೂ ಹಾರಿಸಿರಲಿಲ್ಲ. ಜೊತೆಗೆ ಬಂದಿದ್ದ ಗುಂಡಿನ ಡಬ್ಬಿ ಜೀನಿನ ಕೋಣೆಯಲ್ಲಿ ತೇವ ಹಿಡಿದು ಹಸಿರುಗಟ್ಟಿತ್ತು. ಮೇಷ್ಟ್ರು ಮೂರು ಗುಂಡು ಹಾಕಿ ನೋಡಿದರು. ಮೂರು ಸಲವೂ ಕುದುರೆ ಕಿವಿ ನಿಮಿರಿಸಿತು, ಪಿಸ್ತೂಲು ಟಿಕ್ ಎಂದಿತು. ನಾಲ್ಕನೆಯದಕ್ಕೆ ಮೇಷ್ಟ್ರ ಅಕ್ಕ ಅವರ ಕೈ ಹಿಡಿದು, "ಅದರ ಜೀವ ತಿನ್ನಬೇಡ ಕಣೋ. ಹೋಗಿ ಹೊಸದು ತಗೊಂಡು ಬಾ," ಎಂದು ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ಅಂಗಡಿಯಲ್ಲಿ ಮೊಳೆ, ಹಗ್ಗ, ಗಾಳ, ಪೈಪು ಎಲ್ಲ ದಾಟಿದ ಮೇಲೆ ಹಿಂದುಗಡೆ ಗುಂಡಿನ ಕೌಂಟರು. ಗಾಜಿನ ಕಪಾಟಿಗೆ ಬೀಗ. ಬೀಗದ ಕೈ ಕೌಂಟರಿನ ಹೆಂಗಸಿನ ಕೊರಳಲ್ಲಿ. ಅವಳ ಪಕ್ಕದಲ್ಲಿ ಮ್ಯಾನೇಜರು, ಇಸ್ತ್ರಿ ಮಾಡಿದ ಮುಖದವನು.

ಮೇಷ್ಟ್ರು ಲೈಸೆನ್ಸ್ ಇಟ್ಟರು. ಮ್ಯಾನೇಜರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಎಲ್ಲ ಸರಿಯಾಗಿದೆ ಸಾರ್. ಖಾಲಿ ತೋಟಾ ಕೊಡಿ," ಅಂದ.

"ಯಾವ ಖಾಲಿ ತೋಟಾ?"

"ಹಾರಿಸಿದ ಗುಂಡಿಂದು. ಹಳೇದು ಕೊಟ್ರೆ ಹೊಸದು." ಅವನು ಹಿಂದಿನ ಗೋಡೆಗೆ ಬೆರಳು ತೋರಿಸಿದ. ಅಲ್ಲಿ ಪ್ಲಾಸ್ಟಿಕ್ ಹೊದಿಸಿದ ಹಾಳೆ: 'ಖಾಲಿ ತೋಟಾ ಹಿಂದಿರುಗಿಸದವರಿಗೆ ಗುಂಡು ಮಾರುವುದಿಲ್ಲ.'

"ನಾನು ಒಂದೂ ಹಾರಿಸಿಲ್ಲಪ್ಪ. ಎಲ್ಲಿಂದ ತರಲಿ?"

"ಹಾರಿಸಿ ತನ್ನಿ ಸಾರ್."

"ಹಾರಿಸೋಕೆ ಗುಂಡು ಬೇಕಲ್ಲ."

"ಅದಕ್ಕೇ ನಾವಿರೋದು," ಎಂದಳು ಬೀಗದ ಹೆಂಗಸು, ಸಮಾಧಾನ ಹೇಳುವವಳಂತೆ.

ಮೇಷ್ಟ್ರು ಜೇಬಿನಿಂದ ಹಸಿರುಗಟ್ಟಿದ ಡಬ್ಬಿ ತೆಗೆದು ಕೌಂಟರಿನ ಮೇಲೆ ಕುಕ್ಕಿದರು. "ಇಗೋ, ಹಳೇದು. ಇಟ್ಕೊಂಡು ಒಂದೇ ಒಂದು ಹೊಸದು ಕೊಡಿ."

ಮ್ಯಾನೇಜರು ಒಂದನ್ನು ಎರಡು ಬೆರಳಲ್ಲಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. "ಇವು ಖಾಲಿ ಅಲ್ಲ ಸಾರ್, ತುಂಬಿದಾವೆ."

"ತುಂಬಿದ್ರೂ ಹಾರಲ್ಲ. ತೇವ ಆಗಿದೆ."

"ಹಾರದೆ ಖಾಲಿ ಆಗಲ್ಲ. ಖಾಲಿ ಆಗದೆ ನಾವು ತಗೊಳ್ಳಲ್ಲ."

ಮೇಷ್ಟ್ರ ಹಣೆಯ ನರ ಉಬ್ಬಿತು. ಅಷ್ಟರಲ್ಲಿ ಫೋನು. ಅಕ್ಕ. "ಎಲ್ಲಿದ್ದೀಯೋ? ಏಳೋಕೆ ನೋಡ್ತಾ ಇದೆ ಕಣೋ. ಮುರಿದ ಕಾಲೂರಿ ಏಳೋಕೆ ನೋಡ್ತಾ ಇದೆ." ಹಿಂದಿನಿಂದ ಸಿಡುಕಿಯ ಸದ್ದು ಕೇಳಿತು. ಕುದುರೆ ಅಂಥ ಸದ್ದು ಮಾಡುತ್ತದೆಂದು ಮೂವತ್ತು ವರ್ಷದಲ್ಲಿ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಅವರು ಫೋನನ್ನು ಮ್ಯಾನೇಜರನ ಕಿವಿಗೇ ಒತ್ತಿ ಹಿಡಿದರು.

ಮ್ಯಾನೇಜರನ ಇಸ್ತ್ರಿ ಒಂದು ಕಡೆ ಮುದುಡಿತು. "ಪಾಪ," ಅಂದ. "ಆದ್ರೆ ರೂಲ್ಸು ಸಾರ್."

"ನಿನ್ನ ಪಾಪ ಕಟ್ಕೊಂಡು ನಾನೇನು ಮಾಡ್ಲಿ? ಪಾಪ ಪಿಸ್ತೂಲಿಗೆ ಹಾಕೋಕಾಗತ್ತಾ? ಬುದ್ಧಿ ಅನ್ನೋದನ್ನೂ ಆ ಕಪಾಟಲ್ಲಿಟ್ಟು ಬೀಗ ಹಾಕಿದ್ದೀರಾ?"

"ಕೂಗಾಡಿದವರಿಗೂ ಮಾರಬಾರದು," ಎಂದಳು ಬೀಗದ ಹೆಂಗಸು. "ಅದು ಹಾಳೇಲಿಲ್ಲ, ಆದ್ರೆ ಇರಬೇಕಿತ್ತು."

ಸಾಲಿನಲ್ಲಿ ಹಿಂದೆ ನಿಂತಿದ್ದ ದಪ್ಪ ಮನುಷ್ಯ ಕೆಮ್ಮಿದ. ಅವನು ಗುರಿಕ್ಲಬ್ಬಿನವನು, ಕೈಯಲ್ಲಿ ಖಾಲಿ ತೋಟಾಗಳ ಚೀಲ. "ಮ್ಯಾನೇಜರೇ, ಆ ರೂಲ್ಸು ಇವರಿಗಲ್ಲ ಕಣ್ರೀ. ನಮ್ಮಂಥ ಕ್ಲಬ್ಬಿನವರಿಗೆ, ಪೆಟ್ಟಿಗೆಗಟ್ಟಲೆ ಒಯ್ಯೋರಿಗೆ. ಮೇಲಿಂದ ಬಂದ ಸುತ್ತೋಲೆಯ ಎರಡನೇ ಪುಟದಲ್ಲಿ ಬರೆದಿದೆ."

"ನಮಗೆ ಬಂದಿದ್ದು ಒಂದೇ ಪುಟ."

"ಇನ್ನೊಂದು ಪುಟ?"

ಬೀಗದ ಹೆಂಗಸು ಮ್ಯಾನೇಜರನ ಮುಖ ನೋಡಿದಳು. ಮ್ಯಾನೇಜರು ಚಾವಣಿ ನೋಡಿದ. "ಫ್ಯಾಕ್ಸ್ ಮೆಷಿನ್ನಲ್ಲಿ ಕಾಗದ ಮುಗಿದಿತ್ತು," ಅಂದ. "ಆದ್ರೂ ನಿಮಗೊಂದು ಕಾನೂನು, ಅವರಿಗೊಂದು ಅಂದ್ರೆ ನ್ಯಾಯ ಆಗತ್ತಾ ಯಜಮಾನ್ರೇ? ಎಲ್ಲರಿಗೂ ಒಂದೇ ಅಂತ ನಾವೇ ತೀರ್ಮಾನ ಮಾಡಿದ್ವಿ. ಮೂರು ವಾರದಿಂದ ಹೊಸಬರಿಗೆ ಯಾರಿಗೂ ಕೊಟ್ಟಿಲ್ಲ."

ಇದನ್ನು ಅವನು ಹೆಮ್ಮೆಯಿಂದ ಹೇಳಿದ. ಮೇಷ್ಟ್ರು ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಿಡಿದುಕೊಳ್ಳದಿದ್ದರೆ ಕೈಗಳು ಮ್ಯಾನೇಜರನ ಕುತ್ತಿಗೆ ಹುಡುಕಿಕೊಂಡು ಹೋಗುತ್ತಿದ್ದವು. ಕೌಂಟರು ಕಟಕಟನೆ ನಡುಗಿ, ಅದರ ತಿರುಪುಮೊಳೆಗಳೆಲ್ಲ ತಾವಾಗಿ ಅರ್ಧ ಸುತ್ತು ಬಿಚ್ಚಿಕೊಂಡವು.

ಗುರಿಕ್ಲಬ್ಬಿನವನು ಚೀಲಕ್ಕೆ ಕೈ ಹಾಕಿ ಒಂದು ಖಾಲಿ ತೋಟಾ ತೆಗೆದು ಮೇಷ್ಟ್ರ ಮುಂದಿಟ್ಟ. ಬಂದೂಕಿನದು, ಕೆಂಪು ಬಣ್ಣ, ಹೆಬ್ಬೆರಳಿಗಿಂತ ದಪ್ಪ. ಮೇಷ್ಟ್ರ ಪಿಸ್ತೂಲಿನ ನಾಲ್ಕು ಗುಂಡು ಅದರೊಳಗೆ ಸಂಸಾರ ಹೂಡಬಹುದಿತ್ತು.

"ತಗೊಳ್ಳಿ. ಇದು ಅವರದು ಅಂತಿಟ್ಕೊಳ್ಳಿ," ಅಂದ.

ಮ್ಯಾನೇಜರು ಅದನ್ನೆತ್ತಿ ಮೂಸಿದ. ಹೆಂಗಸಿಗೆ ಕೊಟ್ಟ. ಅವಳೂ ಮೂಸಿದಳು.

"ಖಾಲಿ," ಅಂದಳು.

"ಅಳತೆ ಬೇರೆ," ಅಂದ ಮ್ಯಾನೇಜರು.

"ಅಳತೆ ಬಗ್ಗೆ ಹಾಳೇಲಿ ಏನೂ ಇಲ್ಲ ಸಾರ್."

ಮ್ಯಾನೇಜರು ತಿರುಗಿ ಹಾಳೆ ಓದಿದ. ಮತ್ತೊಮ್ಮೆ ಓದಿದ. ಮುಖ ಮತ್ತೆ ನುಣ್ಣಗಾಯಿತು. "ಹಾಗಾದ್ರೆ ಕೊಡಿ."

ಬೀಗ ತೆರೆಯಿತು. ಹತ್ತಿಯ ಮೇಲೆ ಒಂದೇ ಒಂದು ಹೊಸ ಗುಂಡು ಬಂತು. ಮೇಷ್ಟ್ರು ಅದನ್ನು ಮುಷ್ಟಿಯಲ್ಲಿ ಹಿಡಿದು, "ನಿಮ್ಮ ಮನೆ ಹಾಳಾಗ," ಎಂದು ಶುರು ಮಾಡಿ ಅರ್ಧಕ್ಕೇ ಬಾಗಿಲ ಕಡೆ ಹೊರಟರು. ಹಿಂದಿನಿಂದ ಹೆಂಗಸು, "ಇದರ ಖಾಲಿ ಜೋಪಾನ ಸಾರ್, ಮುಂದಿನ ಸಲಕ್ಕೆ," ಎಂದದ್ದು ಕೇಳಿತು.

ದಾರಿಯುದ್ದಕ್ಕೂ ಅವರು ಬೈದರು. ಮ್ಯಾನೇಜರನನ್ನು, ಕಾಗದ ಮುಗಿದ ಮೆಷಿನ್ನನ್ನು, ಅದನ್ನು ಕಂಡುಹಿಡಿದವನನ್ನು, ಅವನ ತಾತನನ್ನು. ಪ್ರತಿ ಸಿಗ್ನಲ್ಲಿನಲ್ಲೂ ಹೊಸದೊಂದು ಬೈಗುಳ ಹೊಳೆಯಿತು. ಪಕ್ಕದ ಗಾಡಿಯವರು ಕಿಟಕಿಯ ಗಾಜು ಏರಿಸಿಕೊಂಡರು.

ಅಂಗಳಕ್ಕೆ ಬಂದಾಗ ಅಕ್ಕ ಹಾಗೇ ಕೂತಿದ್ದರು. ಕುದುರೆಯ ಕಣ್ಣಿಗೆ ಬಿಸಿಲು ಬೀಳದಂತೆ ಕೊಡೆ ಹಿಡಿದಿದ್ದರು. ಸಿಡುಕಿಯ ಪಕ್ಕೆ ಬೆವರಿನಿಂದ ಕಪ್ಪಾಗಿತ್ತು.

"ಕೊಟ್ರಾ?"

"ಕೊಟ್ರು."

ಮೇಷ್ಟ್ರು ಗುಂಡು ತುಂಬಿದರು. ತುಂಬಿ ನಿಂತರು. ಸಿಡುಕಿ ಅವರನ್ನು ಗುರುತು ಹಿಡಿದು ಮೂತಿಯನ್ನು ಸ್ವಲ್ಪ ಎತ್ತಿತು. ಬೆಳಗಿನಿಂದ ಮೈಯೊಳಗೆ ಕುದಿಯುತ್ತಿದ್ದುದೆಲ್ಲ ಎಲ್ಲಿಗೋ ಇಳಿದುಹೋಯಿತು. ಆ ಮ್ಯಾನೇಜರು ಇನ್ನೊಂದು ಸಲ ಇಲ್ಲ ಅಂದಿದ್ದರೆ ಎಂದು ಅವರಿಗೆ ಅನ್ನಿಸಿತು. ಇನ್ನೊಂದು ಗಂಟೆ ಅಲ್ಲೇ ನಿಂತು ಜಗಳ ಆಡಬಹುದಿತ್ತು.

"ಅಕ್ಕ, ನಂಗೆ ಏನಾದ್ರೂ ಬೈಯಿ."

"ಏನು?"

"ಸಿಟ್ಟಿಲ್ದೆ ನನ್ನ ಕೈಲಿ ಆಗಲ್ಲ. ಬೈಯಿ."

ಹುಟ್ಟಿದಾಗಿನಿಂದ ಅವರನ್ನು ಬೈದುಕೊಂಡೇ ಬಂದಿದ್ದ ಅಕ್ಕ ಈಗ ಬೈಯಲಿಲ್ಲ. ಕುದುರೆಯ ತಲೆಯನ್ನು ಮೆಲ್ಲಗೆ ಗೋಣಿಚೀಲದ ಮೇಲಿಳಿಸಿ, ಕೊಡೆ ಮಡಚಿ, ಗೋಡೆಯ ಕಡೆ ತಿರುಗಿ ನಿಂತರು.

"ನಾಲ್ಕು ಗಂಟೆ ಹೊತ್ತಿಂದ ಅದು ನರಳ್ತಾ ಇದೆ," ಅಂದರು, ಗೋಡೆಗೆ ಹೇಳುವವರಂತೆ. "ನೋವು ಅದಕ್ಕೋ, ನಿನಗೋ?"

ಮೇಷ್ಟ್ರು ಮಂಡಿಯೂರಿ, ಅದರ ಹಣೆಯ ಕೂದಲನ್ನು ಪಕ್ಕಕ್ಕೆ ಸರಿಸಿದರು.

ಸದ್ದಿಗೆ ಲಾಯದಲ್ಲಿದ್ದ ಮೂರು ಕುದುರೆಗಳು ಒಟ್ಟಿಗೆ ಕಾಲು ಬಡಿದವು. ಆಮೇಲೆ ಸುಮ್ಮನಾದವು.