ಅರ್ಡಿಸ್ ಎಳೆದ ಷಟರ್

ಚರ್ಚಿನ ಅಡುಗೆಮನೆಯ ಬಡಿಸುವ ಕಿಂಡಿಯ ಷಟರನ್ನು ಲವೋನ್ ದಡಾರನೆ ಕೆಳಗೆಳೆದಳು. ಆಚೆ ಊಟದ ಹಾಲಿನಲ್ಲಿ ಕಾಫಿಗೆಂದು ಕಪ್ಪು ಹಿಡಿದು ನಿಂತಿದ್ದ ಗಂಡಸರು ಮುಖ ಮುಖ ನೋಡಿಕೊಂಡರು. ಮಣ್ಣು ಮಾಡಿ ಬಂದು ಇನ್ನೂ ಬೂಟಿನ ಕೆಸರು ಒಣಗಿಲ್ಲ, ಒಳಗೆ ಹೆಂಗಸರ ನಗು ಶುರುವಾಗಿತ್ತು.

ಸತ್ತವಳು ಅರ್ಡಿಸ್, ಒಳಗೆ ತಟ್ಟೆ ಒರೆಸುತ್ತಿದ್ದ ಬ್ರಿಟಾಳ ದೊಡ್ಡಮ್ಮ. ನಾರ್ತ್ ಡಕೋಟಾದ ಈ ಗೋಧಿ ಸೀಮೆಯಲ್ಲಿ ಯಾರು ಸತ್ತರೂ ಊಟದ ಆಲೂಗಡ್ಡೆ ಬೇಯಿಸಿ, ಪಾತ್ರೆ ತೊಳೆದು ಮನೆಗೆ ಹೋಗುತ್ತಿದ್ದವಳು. ಇವತ್ತು ಅವಳದೇ ಸಾವಿನ ಊಟದ ತಟ್ಟೆಗಳು ಬ್ರಿಟಾಳ ಕೈಗೆ ಬಂದಿದ್ದವು. ಈ ಅಡುಗೆಮನೆಯ ಹೊಸ್ತಿಲನ್ನು ಗಂಡಸರು ತುಳಿಯುವಂತಿರಲಿಲ್ಲ. ಹಾಗೆಂದು ಯಾರೂ ಹೇಳಿರಲಿಲ್ಲ, ಯಾರೂ ಮೀರಿಯೂ ಇರಲಿಲ್ಲ.

ಆಚೆ ಹಾಲಿನಲ್ಲಿ ಕೂತಿದ್ದ ಬ್ರಿಟಾಳ ಗಂಡ ಡೇಲ್ ಸಂಜೆಗೆ ಪಶ್ಚಿಮದ ಎಣ್ಣೆ ಬಾವಿಗಳ ಕೆಲಸಕ್ಕೆ ಹೊರಟಿದ್ದ. ಬಟ್ಟೆಯ ಚೀಲ ಆಗಲೇ ಪಿಕಪ್ಪು ಗಾಡಿಯಲ್ಲಿತ್ತು. "ನಿಂಗೆ ನಾನು ಬೇಡ ಅಂತ ಅರ್ಥ ಆಯ್ತು ಬಿಡು" ಎಂದಿದ್ದ, ಸಿಟ್ಟಿಲ್ಲದೆ. ಮಗು ಹುಟ್ಟಿದ ಮೇಲೆ ಅವನು ಹತ್ತಿರ ಬಂದಾಗಲೆಲ್ಲ ಅವಳು ಗೋಡೆಯ ಕಡೆ ತಿರುಗಿದ್ದಳು. ನೋಯುತ್ತದೆ ಎನ್ನಲು ಅವಳಿಗೆ ನಾಲಿಗೆಯೇ ಏಳಲಿಲ್ಲ.

*

ಷಟರನ್ನು ಹಾಗೆ ಮೊದಲು ಎಳೆದವಳು ಅರ್ಡಿಸ್. ಅವತ್ತೂ ಯಾರದೋ ಸಾವಿನ ಊಟ. ಬ್ರಿಟಾ ಆಗಷ್ಟೇ ಮದುವೆಯಾದವಳು, ಫೋರ್ಕು ಒರೆಸುತ್ತ ನಿಂತಿದ್ದಳು. ದೂರದ ದೊಡ್ಡ ಪೇಟೆ ಫಾರ್ಗೋದ ಆಸ್ಪತ್ರೆಯಿಂದ ಬಂದಿದ್ದ ಅರ್ಡಿಸ್ ಮೊಣಕೈವರೆಗೆ ಸೋಪಿನ ನೊರೆ ಮಾಡಿಕೊಂಡು, ಲಾಟರಿ ಹೊಡೆದವಳಂತೆ ಹೊಳೆಯುತ್ತಿದ್ದಳು.

"ನನ್ ಮನಸ್ಸು ಕಲ್ಲಾಗಿಲ್ವಂತೆ ಕಣ್ರೇ. ಮುಟ್ಟು ನಿಂತ್ಮೇಲೆ ಒಳಗಿನ ಚರ್ಮ ಒಣಗಿ ತೆಳ್ಳಗಾಗತ್ತಂತೆ, ಅದಕ್ಕೆ ಉರಿ. ಮುಲಾಮು ಕೊಟ್ಟಿದಾರೆ. ನಾನು ನೋಡಿದ್ರೆ ನನ್ ಗಂಡ ಆರ್ವಿಡ್ ಪಕ್ಕ ಕೊರಡಿನ ಹಾಗೆ ಮಲಗಿ ದೇವರ ಹತ್ರ ಕ್ಷಮೆ ಕೇಳ್ತಿದ್ದೆ."

ಆಮೇಲೆ ಲವೋನ್ ಬಾಯಿಬಿಟ್ಟಳು. ಮನಸ್ಸಿನ ಬೇಸರಕ್ಕೆ ಮಾತ್ರೆ ಶುರುಮಾಡಿದ ಮೇಲೆ ತನಗೆ ಆಸೆಯೆನ್ನುವುದೇ ಹುಟ್ಟುತ್ತಿಲ್ಲ ಎಂದಳು. ಇನ್ನೊಬ್ಬಳಿಗೆ ಆಸೆಗೇನೂ ಕಮ್ಮಿಯಿರಲಿಲ್ಲ, ಮದುವೆಯಾದಾಗಿನಿಂದ ಒಮ್ಮೆಯೂ ಸುಖದ ತುದಿ ಮುಟ್ಟಿರಲಿಲ್ಲ. ಮತ್ತೊಬ್ಬಳಿಗೆ ಹೆದರಿಕೆಗೇ ಮೈ ಬಿಗಿದುಕೊಂಡು, ಗಂಡ ಮುಟ್ಟಿದರೆ ಬಾಗಿಲು ಹಾಕಿಕೊಂಡಂತೆ ಆಗುತ್ತಿತ್ತು. ಊರಿನ ಡಾಕ್ಟರು ಅವಳಿಗೆ ಒಂದು ಲೋಟ ವೈನು ಕುಡಿ ಎಂದು ಕಳಿಸಿದ್ದನಂತೆ. ಒಬ್ಬೊಬ್ಬಳೂ ಇದು ತನ್ನೊಬ್ಬಳ ಪಾಪವೆಂದು ನಂಬಿದ್ದಳು. ಅವತ್ತು ನಕ್ಕೂ ನಕ್ಕೂ ಅತ್ತರು.

ಅಲ್ಲಿಂದ ಅರ್ಡಿಸ್ ತನ್ನ ಹಳೆಯ ಕಾರಿನಲ್ಲಿ ಅವರನ್ನು ಒಬ್ಬೊಬ್ಬರಾಗಿ ಫಾರ್ಗೋಗೆ ಕರೆದೊಯ್ದಳು. ಗಂಡಂದಿರಿಗೆ ಕೌದಿಯ ಬಟ್ಟೆ ತರುತ್ತೇವೆ ಎನ್ನುವುದು. ಸುಳ್ಳಾಗಬಾರದೆಂದು ಪ್ರತಿಸಲ ಒಂದು ತುಂಡು ಬಟ್ಟೆ ತರುವುದು.

*

"ಇವತ್ತು ಶವದ ಪೆಟ್ಟಿಗೆ ಮೇಲೆ ಹೊದಿಸಿದ್ವಲ್ಲ, ಆ ತುಂಡುಗಳದ್ದೇ ಕೌದಿ" ಎಂದಳು ಲವೋನ್, ಕಣ್ಣೊರೆಸಿಕೊಳ್ಳುತ್ತ. "ಪಾಸ್ಟರು ಎಷ್ಟು ಬಣ್ಣ ಅಂತ ಹೊಗಳಿದ್ದೇ ಹೊಗಳಿದ್ದು."

ಮತ್ತೆ ನಗು ಉಕ್ಕಿತು. ಆ ನಗುವಿನ ನಡುವೆ ಬ್ರಿಟಾ, ತನಗೇ ಆಶ್ಚರ್ಯವಾಗುವಂತೆ, "ನಂಗೂ ನೋಯತ್ತೆ" ಎಂದಳು. "ಹೆರಿಗೇಲಿ ಹೊಲಿಗೆ ಹಾಕಿದ ಜಾಗ."

ಲವೋನ್ ಅವಳ ಒದ್ದೆ ಕೈ ಹಿಡಿದುಕೊಂಡಳು. "ಅದಕ್ಕೂ ಚಿಕಿತ್ಸೆ ಇದೆ ಕಣೇ. ಗುರುವಾರ ಬಟ್ಟೆ ತರಕ್ಕೆ ಹೋಗೋಣ. ಡೇಲ್‌ಗೆ ನಾನೇ ಹೇಳ್ತೀನಿ."

ಅಷ್ಟರಲ್ಲಿ ಷಟರಿನ ಮೇಲೆ ಮೆಲ್ಲಗೆ ಬಡಿದ ಸದ್ದು. ಡೇಲ್‌ನ ದನಿ, ಕಾಫಿ ಕೇಳುತ್ತ.

ಈಗ ಬಟ್ಟೆಯ ನೆಪ ಹೇಳಿದರೆ ಸಂಜೆಗೆ ಪಿಕಪ್ಪು ಹೊರಡುತ್ತದೆ. ಬ್ರಿಟಾ ಹೋಗಿ ಪಕ್ಕದ ಬಾಗಿಲು ತೆಗೆದಳು.

"ಒಳಗೆ ಬಾ."

ಡೇಲ್ ಹೊಸ್ತಿಲನ್ನೂ ತನ್ನ ಕೆಸರು ಬೂಟನ್ನೂ ನೋಡಿದ. ಅವಳೇ ತೋಳು ಹಿಡಿದು ಎಳೆದುಕೊಂಡು, ಕೈಗೆ ಒಂದು ತಟ್ಟೆ, ಒರೆಸುವ ಬಟ್ಟೆ ಕೊಟ್ಟಳು.

"ನೀನು ಬೇಡ ಅಂತಲ್ಲ ಕಣೋ. ನೀನು ಮುಟ್ಟಿದ್ರೆ ನೋಯತ್ತೆ. ಮಗು ಆದಾಗಿಂದ. ಗುರುವಾರ ಫಾರ್ಗೋಗೆ ನೀನೇ ಕರ್ಕೊಂಡು ಹೋಗ್ಬೇಕು."

ಡೇಲ್ ತಲೆ ಬಗ್ಗಿಸಿ ಆ ತಟ್ಟೆಯನ್ನು ಒರೆಸಿದ, ತಿರುಗಿಸಿ ಒರೆಸಿದ, ಮತ್ತೆ ತಿರುಗಿಸಿ ಒರೆಸಿದ. ಕಣ್ಣ ಹನಿ ಅದರ ಮೇಲೇ ಬೀಳುತ್ತಿತ್ತು. ಒರೆಸಲು ಉಳಿದಿದ್ದು ಅದೊಂದೇ ತಟ್ಟೆ. ಲವೋನ್ ಸದ್ದಾಗದಂತೆ, ಒಣಗಿ ಜೋಡಿಸಿಟ್ಟಿದ್ದ ತಟ್ಟೆಗಳನ್ನು ಒಂದೊಂದಾಗಿ ಮತ್ತೆ ನೀರಿಗೆ ಇಳಿಸತೊಡಗಿದಳು.