ಇಪ್ಪತ್ತು ವರ್ಷದ ಕೈ

ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದ ಅವನ ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಒಂಬತ್ತು ವರ್ಷದ ಹಿಂದೆ ಆಟಕ್ಕೆಂದೇ ಆಸೆಪಟ್ಟು ಕೊಂಡದ್ದು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವನೂ ಬೇರೆ ಊರಿನಲ್ಲಿದ್ದ ಅವನ ತಮ್ಮನೂ ಅದರಲ್ಲಿ ಒಟ್ಟಿಗೆ ಲಾರಿ ಓಡಿಸುತ್ತಿದ್ದರು. ಇಬ್ಬರಿಗೂ ನಲವತ್ತು ದಾಟಿತ್ತು. ಚಿಕ್ಕಂದಿನಲ್ಲಿ ಒಂದೇ ಸೈಕಲ್ಲಿಗೆ ಕಿತ್ತಾಡಿದವರು ಈಗ ತೆರೆಯ ಮೇಲಿನ ರಸ್ತೆಯಲ್ಲಿ ಒಬ್ಬರ ಹಿಂದೊಬ್ಬರು ಸರಕು ಸಾಗಿಸುತ್ತ ಕಷ್ಟಸುಖ ಮಾತಾಡಿಕೊಳ್ಳುತ್ತಿದ್ದರು. ಫೋನಿನಲ್ಲಾದರೆ ಎರಡು ನಿಮಿಷಕ್ಕೆ ಮಾತು ಮುಗಿಯುತ್ತಿತ್ತು. ಲಾರಿಯಲ್ಲಿ ಮುಗಿಯುತ್ತಿರಲಿಲ್ಲ.

ಈಚೆಗೆ ಆಟ ಭಾರವಾಗಿ, ಯಂತ್ರ ಮುದಿಯಾಗಿ, ಪ್ರತಿ ತಿರುವಿನಲ್ಲೂ ಅವನ ಲಾರಿ ಕಲ್ಲಾಗಿ ನಿಲ್ಲುತ್ತಿತ್ತು.

“ಅಣ್ಣಾ, ನಿನ್ನ ಲಾರಿ ಮತ್ತೆ ಧ್ಯಾನಕ್ಕೆ ಕೂತಿದೆ ನೋಡು,” ಎಂದು ತಮ್ಮ ನಗುತ್ತಿದ್ದ. ನಕ್ಕು ನಕ್ಕು, ಆಮೇಲೆ ಕಾದು ಕಾದು, ಒಂದು ಭಾನುವಾರ “ಮುಂದಿನ ವಾರ ನೋಡೋಣ ಬಿಡು” ಎಂದುಬಿಟ್ಟ. ಆ ಮಾತು ಅಣ್ಣನ ಎದೆಗೆ ನಾಟಿತು.

ಹೊಸದು ಕೊಳ್ಳುವ ಮಾತೇ ಇರಲಿಲ್ಲ. ಇರುವುದನ್ನೇ ಚಿಗುರಿಸಬೇಕು. ಹೆಂಡತಿ ಮೊದಲೇ ಗೆರೆ ಎಳೆದಳು: “ಒಂದೇ ಸಲ, ನೋಡಿ. ಆಮೇಲೆ ಅದಕ್ಕೆ ಇದು ಬೇಕು, ಇದಕ್ಕೆ ಅದು ಬೇಕು ಅಂತ ಬಂದ್ರೆ, ಆ ಡಬ್ಬಾನ ಸ್ಟೂಲ್ ಮಾಡ್ಕೊಂಡು ಅಟ್ಟ ಹತ್ತುತೀನಿ.”

ಮಾರುಕಟ್ಟೆಯ ಮಹಡಿಯಲ್ಲಿ ಹಳೆಯ ಕಂಪ್ಯೂಟರಿನ ಬಿಡಿಭಾಗ ಮಾರುವ, ರಿಪೇರಿ ಮಾಡುವ ಒಬ್ಬ ಹೆಂಗಸಿನ ಅಂಗಡಿ ಇತ್ತು. ಆಕೆಗೆ ಐವತ್ತರ ಮೇಲೆ. ಅವನ ಕಣ್ಣಿಗೆ ಮೊದಲು ಬಿದ್ದದ್ದು ಆಕೆಯ ಕನ್ನಡಕ. ಎಡಗಡೆಯ ಕಡ್ಡಿಯ ತಿರುಪು ಬಿದ್ದುಹೋಗಿ, ತೆಳು ತಾಮ್ರದ ತಂತಿ ಸುತ್ತಿಕೊಂಡಿದ್ದರು. ಅವನು ಲಾರಿ ಆಟದ ಗೋಳು ಹೇಳಿಕೊಂಡು, ದುಬಾರಿ ಗ್ರಾಫಿಕ್ಸ್ ಕಾರ್ಡೊಂದನ್ನು ತೋರಿಸಿದ.

“ಅದು ನಿಮ್ಮ ಲಾರಿಗೆ ಬೇಡ ಸರ್, ದುಡ್ಡು ದಂಡ,” ಎಂದರು ಆಕೆ. “ಪ್ರೊಸೆಸರ್ ಒಂದನ್ನ ಬದಲಾಯಿಸಿ. ಇದು ಸೆಕೆಂಡ್‌ಹ್ಯಾಂಡ್, ಆದರೆ ಗಟ್ಟಿಮುಟ್ಟು. ಮೇಲೆ ಕೂರೋಕೆ ಹೊಸ ಕೂಲರ್, ಬಿಸಿ ಎಳ್ಕೊಳ್ಳೋಕೆ. ಮಧ್ಯೆ ಹಚ್ಚೋಕೆ ಈ ಪೇಸ್ಟ್. ಸ್ವಲ್ಪ ಕೂಲಿ ಕೊಟ್ರೆ ನಾನೇ ಕೂರಿಸಿ ಕೊಡ್ತೀನಿ.”

ಆ ಸ್ವಲ್ಪವೂ ಅವನ ಜೇಬಿನ ಅಳತೆಗೆ ಮೀರಿತ್ತು. ಅದನ್ನು ಹೇಳಲು ನಾಚಿಕೆಯಾಗಿ ಬೇರೆ ಮಾತು ಹೇಳಿದ: “ಬೇಡ ಮೇಡಂ. ದಿನಾ ಗಾಜು ಕೂರಿಸೋನು ನಾನು. ಇಪ್ಪತ್ತು ವರ್ಷದ ಕೈ ಇದು.”

ಮನೆಗೆ ಬಂದು ಊಟದ ಮೇಜನ್ನು ಒರೆಸಿ, ಉಸಿರು ಬಿಗಿಹಿಡಿದು ಎಲ್ಲವನ್ನೂ ಕೂರಿಸಿದ. ಯಂತ್ರಕ್ಕೆ ಜೀವ ಬಂತು. ಲಾರಿ ನೀರಿನಂತೆ ಹರಿಯಿತು. ಹತ್ತೇ ನಿಮಿಷ. ಫ್ಯಾನು ಕಿರುಚಿಕೊಂಡು, ತೆರೆ ಕಪ್ಪಾಗಿ, ಎಲ್ಲ ಆರಿಹೋಯಿತು. ಮತ್ತೆ ಹಚ್ಚಿದ, ಮತ್ತೆ ಹತ್ತು ನಿಮಿಷ. ಸಂಜೆಯವರೆಗೂ ಅದೇ ಗೋಳು.

“ಸೆಕೆಂಡ್‌ಹ್ಯಾಂಡ್ ಅಂದಾಗಲೇ ಅಂದ್ಕೊಂಡೆ,” ಎಂದಳು ಹೆಂಡತಿ. “ನಿಮ್ಮ ಮುಖ ನೋಡಿದ್ರೆ ಯಾರಿಗಾದರೂ ಟೋಪಿ ಹಾಕೋ ಆಸೆಯಾಗುತ್ತೆ, ರೀ. ಒಂದ್ಸಲನಾದ್ರೂ ಜೋರು ಮಾಡಿ ಬನ್ನಿ.”

ಮಾರನೆಯ ದಿನ ಕಂಪ್ಯೂಟರಿನ ಡಬ್ಬಿಯನ್ನೇ ಹೊತ್ತುಕೊಂಡು ಹೋಗಿ ಅವನು ಜೋರು ಮಾಡಿದ. ಅಂಗಡಿಯಲ್ಲಿ ಆಗ ಇನ್ನೂ ಮೂರು ಜನರಿದ್ದರು. ಒಬ್ಬರು ಶಾಲೆಯ ಮೇಷ್ಟ್ರು. ತಮ್ಮ ಲ್ಯಾಬಿನ ಹನ್ನೆರಡು ಕಂಪ್ಯೂಟರುಗಳನ್ನು ರಿಪೇರಿಗೆ ಕೊಡುವ ಮಾತು ಆಡುತ್ತ ನಿಂತಿದ್ದರು.

“ಸತ್ತ ಮಾಲನ್ನ ಕಟ್ಟಿ ಕಳಿಸಿದ್ದೀರಲ್ಲ ಮೇಡಂ! ಕೂರಿಸೋದ್ರಲ್ಲಿ ತಪ್ಪಾಗಿರೋಕೆ ಸಾಧ್ಯವೇ ಇಲ್ಲ. ಇಪ್ಪತ್ತು ವರ್ಷದಿಂದ ನಾಜೂಕು ಕೆಲಸ ಮಾಡಿದ ಕೈ ಇದು. ಬಡವರು ಅಂತ ಗೊತ್ತಾದ್ರೆ ಸಾಕು, ತಲೆಗೆ ಕಟ್ಟೋದು!”

ಆಕೆ ಡಬ್ಬಿಯನ್ನು ಬೆಂಚಿನ ಮೇಲೆ ಮಲಗಿಸಿ, ತಿರುಪು ಬಿಚ್ಚಿ, ಕೂಲರನ್ನು ಮೆಲ್ಲಗೆ ತಿರುಗಿಸಿ ಎತ್ತಿದರು. ಅದರ ಅಡಿಯನ್ನು ಒಂದು ಕ್ಷಣ ನೋಡಿದರು. ಆಮೇಲೆ ಪಕ್ಕದಲ್ಲಿದ್ದ ಟಿಶ್ಯೂ ಕಾಗದ ತೆಗೆದುಕೊಂಡು ಪೇಸ್ಟ್ ಒರೆಸುವ ಹಾಗೆ ಒರೆಸಿ, ಮುದ್ದೆ ಮಾಡಿ, ಬುಟ್ಟಿಗೆ ಹಾಕಿದರು.

ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ಅವನಿಗೆ ಕಂಡಿತು. ಆ ಮುದ್ದೆಯ ಅಂಚಿನಲ್ಲಿ ಬೆರಳಗಲದ ತೆಳು ಪ್ಲಾಸ್ಟಿಕ್ ಹಾಳೆ ಮಿಂಚಿತು. ಹೊಸ ಕೂಲರಿನ ಅಡಿಗೆ ಗೀರು ಬೀಳದಿರಲೆಂದು ಅಂಟಿಸಿರುತ್ತಾರೆ. ಕೂರಿಸುವ ಮುಂಚೆ ಕೀಳಬೇಕು. ಕೀಳದಿದ್ದರೆ ಬಿಸಿಗೆ ದಾರಿಯಿಲ್ಲ. ಅಂಥದೇ ಹಾಳೆಯನ್ನು ಅವನು ದಿನಕ್ಕೆ ಇಪ್ಪತ್ತು ಬಾರಿ ಹೊಸ ಗಾಜಿನಿಂದ ಕೀಳುತ್ತಿದ್ದ.

“ಪೇಸ್ಟ್ ಒಣಗಿಹೋಗಿತ್ತು ಸರ್,” ಎಂದರು ಆಕೆ, ಎಲ್ಲರಿಗೂ ಕೇಳುವ ಹಾಗೆ. “ಹಳೇದು ಕೊಟ್ಟುಬಿಟ್ಟಿದ್ದೆ. ನನ್ನದೇ ತಪ್ಪು. ಹೊಸದು ಹಚ್ಚಿ ಕೊಡ್ತೀನಿ, ಕೂಲಿ ಬೇಡ.”

ಅವನ ಕಿವಿ ಕೆಂಡವಾಯಿತು.

“ಹಳೇ ಮಾಲು ಕೊಡ್ತೀರಾ ಹಾಗಾದ್ರೆ?” ಎಂದರು ಮೇಷ್ಟ್ರು, ಅರ್ಧ ನಗುತ್ತ. “ಸರಿ, ನಾನು ಆಮೇಲೆ ಬರ್ತೀನಿ.” ಬರುವುದಿಲ್ಲವೆಂದು ಅವರ ಚಪ್ಪಲಿಯ ಸದ್ದೇ ಹೇಳುತ್ತಿತ್ತು. ಆಕೆ ತಲೆ ಎತ್ತದೆ ಹೊಸ ಪೇಸ್ಟ್ ಹಚ್ಚಿ, ಕೂಲರ್ ಕೂರಿಸಿ ಮುಗಿಸಿದರು. ಅವನು ಡಬ್ಬಿ ಎತ್ತಿಕೊಂಡು, ಒಂದು ಮಾತೂ ಆಡದೆ ಮೆಟ್ಟಿಲಿಳಿದ.

ಆ ಭಾನುವಾರ ಲಾರಿ ಎಲ್ಲೂ ನಿಲ್ಲಲಿಲ್ಲ. “ಭಲೇ ಅಣ್ಣಾ! ಏನು ಮಾಡಿಸ್ದೆ?” ಎಂದು ತಮ್ಮ ಕೂಗಿದ. ಹಿಂದಿನಿಂದ ಹೆಂಡತಿ ಬಾಗಿ, ಮೈಕಿಗೆ ಕೇಳುವ ಹಾಗೆ ಹೇಳಿದಳು: “ಅಂಗಡಿಯವಳು ಮೋಸ ಮಾಡೋಕೆ ನೋಡಿದ್ಲು ಮೈದುನಾ. ನಿಮ್ಮಣ್ಣ ಬಿಡಲಿಲ್ಲ!” ಮದುವೆಯಾದಾಗಿನಿಂದ ಅವಳು ಅವನನ್ನು ಇಷ್ಟು ಹೆಮ್ಮೆಯಿಂದ ಹೊಗಳಿರಲಿಲ್ಲ. ಅವನು ಲಾರಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದ.

“ಯಾಕಣ್ಣಾ, ಮತ್ತೆ ಕೆಟ್ಟಿತಾ?”

“ಇಲ್ಲ, ಚೆನ್ನಾಗಿದೆ,” ಎಂದ. ಅದು ಚೆನ್ನಾಗಿ ಓಡಿದಷ್ಟೂ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಗಲಾಟೆಯಾದ ಹತ್ತನೆಯ ದಿನ ಆ ಮೇಷ್ಟ್ರು ಅವನ ಅಂಗಡಿಗೇ ಬಂದರು, ಓದುವ ಕನ್ನಡಕ ಮಾಡಿಸಿಕೊಳ್ಳಲು. ಗುರುತು ಹಿಡಿದು, “ಓಹೋ, ನೀವಾ! ಅವತ್ತು ನೀವು ಗಲಾಟೆ ಮಾಡಿದ್ದು ಒಳ್ಳೇದಾಯ್ತು ಮಾರಾಯ್ರೇ. ಹನ್ನೆರಡೂ ಬೇರೆ ಕಡೆ ಕೊಟ್ಟೆ,” ಎಂದರು.

ಅವನ ಕೈಯಲ್ಲಿ ಅವರದೇ ಹೊಸ ಗಾಜಿತ್ತು. ಉಗುರಿನಿಂದ ಅದರ ಮೇಲಿನ ಹಾಳೆಯನ್ನು ಎಬ್ಬಿಸುತ್ತಿದ್ದ. ಅರ್ಧ ಕಿತ್ತು ನಿಲ್ಲಿಸಿದ.

“ತಪ್ಪು ನನ್ನದು ಮೇಷ್ಟ್ರೇ. ಆ ಕೂಲರಿನ ಅಡಿ ಇಂಥದೇ ಹಾಳೆ ಇತ್ತು, ಕೀಳೋದು ಮರೆತಿದ್ದೆ. ಆಕೆ ನೋಡಿದ್ರು. ನನ್ನ ಮಾನ ಉಳಿಸೋಕೆ ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಸುಮ್ಮನಿದ್ದೆ.”

ಮೇಷ್ಟ್ರು ಕುರ್ಚಿಯ ಬೆನ್ನಿಗೆ ಒರಗಿದರು. “ಇದನ್ನ ಅವತ್ತು ಹೇಳ್ಬೇಕಿತ್ತಲ್ರೀ. ಕೊಟ್ಟಾಯ್ತು, ಮುಂಗಡವೂ ಹೋಯ್ತು. ಈಗ ಹೇಗೆ ವಾಪಸ್ ತರಲಿ?” ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ.

ಮಾರನೆಯ ದಿನ ಊಟದ ವಿರಾಮದಲ್ಲಿ ಚಿಕ್ಕ ತಿರುಪುಳಿ, ನಾಲ್ಕಾರು ಬಗೆಯ ತಿರುಪುಗಳ ಡಬ್ಬಿ ಜೇಬಿಗೆ ಹಾಕಿಕೊಂಡು ಅವನು ಆ ಮಹಡಿ ಹತ್ತಿದ. ಅಂಗಡಿಯಲ್ಲಿ ಪ್ರಿಂಟರ್ ತಂದ ಮುದುಕರೊಬ್ಬರು ಕೂತಿದ್ದರು.

“ಮತ್ತೆ ಆರಿಹೋಯ್ತಾ ಸರ್?” ಎಂದರು ಆಕೆ.

“ಇಲ್ಲ ಮೇಡಂ. ಒಂದು ನಿಮಿಷ ನಿಮ್ಮ ಕನ್ನಡಕ ಕೊಡಿ.”

ಆಕೆ ಅಚ್ಚರಿಯಿಂದ ಬಿಚ್ಚಿ ಕೊಟ್ಟರು. ಕನ್ನಡಕವಿಲ್ಲದ ಆ ಕಣ್ಣುಗಳು ಅವನ ಮುಖದ ಪಕ್ಕದಲ್ಲೆಲ್ಲೋ ನೋಡುತ್ತಿದ್ದವು. ಅವನಿಗೆ ಧೈರ್ಯ ಬರಲು ಅಷ್ಟೇ ಸಾಕಾಯಿತು. ತಾಮ್ರದ ತಂತಿ ಬಿಡಿಸುತ್ತ, ಮುದುಕರಿಗೂ ಕೇಳಲೆಂದು ಅವತ್ತಿನಷ್ಟೇ ಗಟ್ಟಿಯಾಗಿ ಹೇಳಿದ: “ಅವತ್ತು ಪೇಸ್ಟ್ ಹಳೇದಾಗಿರಲಿಲ್ಲ. ನಾನು ಹಾಳೆ ಕಿತ್ತಿರಲಿಲ್ಲ. ನೀವು ಮುಚ್ಚಿಟ್ರಿ. ನಾನು ನೋಡಿದ್ದೆ. ಮೇಷ್ಟ್ರ ಕೆಲಸ ನನ್ನಿಂದ ನಿಮ್ಮ ಕೈತಪ್ಪಿಹೋಯ್ತು. ನಿನ್ನೆ ಅವರಿಗೂ ಹೇಳ್ದೆ. ತಡವಾಗಿತ್ತು.”

ಮುದುಕರು ಕೆಮ್ಮಿದರು. ಆಕೆ ಬರಿಗಣ್ಣು ಒರೆಸಿಕೊಂಡರು.

“ನೀವು ನೋಡಿದ್ದು ನನಗೂ ಗೊತ್ತಾಗಿತ್ತು ಸರ್. ಇವತ್ತೋ ನಾಳೆಯೋ ಬರ್ತೀರಿ ಅಂದ್ಕೊಂಡೆ. ಹನ್ನೊಂದು ದಿನ ತಗೊಂಡ್ರಿ.”

ಅವನ ತಲೆ ಇನ್ನಷ್ಟು ತಗ್ಗಿತು. ತಿರುಪು ಎರಡು ಬಾರಿ ಬೆರಳಿನಿಂದ ಜಾರಿತು. “ಗೊತ್ತಿದ್ದೂ ಯಾಕೆ ಹಾಗೆ ಹೇಳಿದ್ರಿ?”

“ಅಷ್ಟು ಜನರ ಮುಂದೆ ಇಪ್ಪತ್ತು ವರ್ಷದ ಕೈ ಅಂದ್ರಲ್ಲ. ಅದನ್ನ ಹೇಗೆ ಒಡೀಲಿ? ಕೈಯಿಂದ ದುಡಿಯೋರಿಗೆ ಇರೋದು ಅದೊಂದೇ.” ಮತ್ತೆ ಸೇರಿಸಿದರು: “ಹನ್ನೆರಡು ಕಂಪ್ಯೂಟರ್ ಹೋಗುತ್ತೆ ಅಂತ ಗೊತ್ತಿದ್ದಿದ್ರೆ ಒಡೀತಿದ್ನೋ ಏನೋ.”

ಅವರು ನಕ್ಕರು. ಅವನಿಗೆ ನಗಲಾಗಲಿಲ್ಲ. ಕಡ್ಡಿಯನ್ನು ಮಡಿಸಿ ಬಿಡಿಸಿ ನೋಡಿ, ಗಾಜನ್ನು ತನ್ನ ಅಂಗಿಯ ಅಂಚಿನಿಂದ ಒರೆಸಿ, ಎರಡೂ ಕೈಯಿಂದ ಕೊಟ್ಟ. ಆಕೆ ಹಾಕಿಕೊಂಡು ಈಗ ನೇರವಾಗಿ ಅವನ ಮುಖವನ್ನೇ ನೋಡಿದರು. ಅವನು ಆ ನೋಟವನ್ನು ತಪ್ಪಿಸಲಿಲ್ಲ, ಕಷ್ಟವಾದರೂ.

“ಈಗ ಬಿಸಿ ಎಷ್ಟು ತೋರಿಸ್ತಿದೆ?”

“ಅರವತ್ತು ಡಿಗ್ರಿ ದಾಟಲ್ಲ ಮೇಡಂ.”

“ಒಳ್ಳೇದು,” ಎಂದು ಆಕೆ ಮುದುಕರ ಪ್ರಿಂಟರನ್ನು ಮುಂದಕ್ಕೆ ಎಳೆದುಕೊಂಡರು. ಮೆಟ್ಟಿಲಿಳಿಯುವಾಗ ಅವನು, ಮನೆಗೆ ಹೋಗಿ ಹೆಂಡತಿಗೆ ಈ ಮಾತನ್ನು ಎಲ್ಲಿಂದ ಶುರುಮಾಡುವುದೆಂದು ಯೋಚಿಸುತ್ತಿದ್ದ.